ಮಂಚದ ಮೇಲೆ ಸಾಯಲೊಲ್ಲದ ಸಕ್ಕೂಬಾಯಿ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಸಕ್ಕೂಬಾಯಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂಬುದು ಅವಳ ವಿಸಲ್ ಕೇಳಿದರೆ ತಿಳಿಯುತ್ತಿತ್ತು. ಸಮಾಧಾನದ ದಿನ ಅದು ಚಿಕ್ಕದಾಗಿ ಒಮ್ಮೆ ಕೂಗಿ ಸುಮ್ಮನಾಗುತ್ತಿತ್ತು. ಸಿಟ್ಟಿನ ದಿನ ಬಸ್ಸಿನ ತಗಡೆಲ್ಲ ಅದುರುವಂತೆ ಕೂಗುತ್ತಿತ್ತು. ಅಂಥ ದಿನ ಡ್ರೈವರ್ ಹಣಮಂತ ಕನ್ನಡಿಯಲ್ಲಿ ಕೂಡ ಹಿಂದೆ ನೋಡುತ್ತಿರಲಿಲ್ಲ. ಹೆಂಗಸರ ಸೀಟಿನಲ್ಲಿ ಕೂತು ನಿದ್ದೆ ಬಂದವರಂತೆ ಕಣ್ಣು ಮುಚ್ಚುವ ಗಂಡಸರು, ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವರನ್ನು ಕಂಡರೆ ಮೂಗು ಮುರಿಯುವವರು, ಗರ್ಭಿಣಿ ನಿಂತಿದ್ದರೂ ತಮ್ಮ ಗಂಟನ್ನು ಸೀಟಿನ ಮೇಲೆ ಕೂರಿಸಿಕೊಂಡವರು, ಇವರ ಮೇಲೆಲ್ಲ ಅವಳಿಗೆ ಬರುತ್ತಿದ್ದ ಸಿಟ್ಟು ಮಹಾಗಾಂವ್ ಕ್ರಾಸ್ ದಾಟುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಆದರೆ ಹೋದ ವರ್ಷ ಅವಳಿಗೆ ಬಂದ ಸಿಟ್ಟು ಹಾಗೆ ಇಳಿಯುವ ಜಾತಿಯದಾಗಿರಲಿಲ್ಲ.

ಅದು ಶುರುವಾದದ್ದು ನಜ್ಮಾಳ ಫೋನಿನಿಂದ. ನಜ್ಮಾ ಕಮಲಾಪುರದ ದವಾಖಾನೆಯಲ್ಲಿ ನರ್ಸು, ದಿನದ ಪ್ಯಾಸೆಂಜರ್. ಒಂದು ಬೆಳಿಗ್ಗೆ ಬಸ್ಸು ಸ್ಟ್ಯಾಂಡ್ ಬಿಡುವ ಮೊದಲೇ ಅವಳು ಫೋನನ್ನು ಸಕ್ಕೂಬಾಯಿಯ ಮೂಗಿನ ಮುಂದೆ ಹಿಡಿದಳು. ಪರದೆಯ ಮೇಲೆ ಹೊಗೆ, ಬೆಂಕಿ, ಕೋಟೆಯ ಬುರುಜು. ಬುರುಜಿನ ಮೇಲೆ ಕತ್ತಿ ಹಿಡಿದು ನಿಂತ ಹೀರೋ ದಿಲೀಪ. ಹಿಂದಿನಿಂದ ಗಡಸು ದನಿ: 'ಬುರುಜಿನ ಬಂಟರು, ಭಾಗ ಎರಡು. ಇಪ್ಪತ್ತೈದು ವರ್ಷಗಳ ನಂತರ ಹಳೆಯ ತಂಡ ಮತ್ತೆ ಒಂದಾಗಿದೆ!' ಅಷ್ಟರಲ್ಲಿ ಹಳೆಯ ಸಿನಿಮಾದ ಒಂದು ತುಣುಕು ಮಿಂಚಿ ಮಾಯವಾಯಿತು. ಕುದುರೆಯ ಮೇಲೆ, ಜಡೆ ಹಾರಿಸುತ್ತ, ಎಡಗೈಯಲ್ಲಿ ಕತ್ತಿ ಬೀಸುತ್ತಿದ್ದ ಒಬ್ಬ ಹುಡುಗಿ.

"ಅಕ್ಕಾ, ಇದು ನೀವಲ್ರೀ? ನಮಗ ಒಂದು ಮಾತರೆ ಹೇಳಬಾರದೇನ್ರಿ!"

"ನನಗೇ ಯಾರೂ ಹೇಳಿಲ್ಲ," ಎಂದಳು ಸಕ್ಕೂಬಾಯಿ. "ನಿನಗೇನಂತ ಹೇಳ್ಲಿ?"

ಆ ದಿನ ವಿಸಲ್ ಕೇಳಿ ಹಣಮಂತ ಔರಾದದ ತನಕ ಉಸಿರು ಬಿಡಲಿಲ್ಲ.

ಸಕ್ಕೂಬಾಯಿ ಹುಟ್ಟಿದ್ದು ಕಲಬುರಗಿಯ ಬ್ರಹ್ಮಪುರದ ಆಚಾರ್ಯರ ಮನೆಯಲ್ಲಿ. ತಂದೆಗೆ ಮಠದಲ್ಲಿ ಪೂಜೆ. ತಾಯಿ ಬೈಯುವುದಿದ್ದರೆ ಮರಾಠಿಯಲ್ಲಿ, ಮುದ್ದು ಮಾಡುವುದಿದ್ದರೆ ಕನ್ನಡದಲ್ಲಿ. ಮಗಳಿಗೆ ಅಜ್ಜಿಯ ಹೆಸರಿಟ್ಟಿದ್ದರು, ಅಜ್ಜಿಯ ಹಾಗೆ ತಗ್ಗಿಬಗ್ಗಿ ನಡೆಯಲಿ ಎಂದು. ಅವಳು ಮಾತ್ರ ಶಾಲೆಯ ಗೇಟಿನ ಹೊರಗೆ ನಿಲ್ಲುತ್ತಿದ್ದ ಟಾಂಗಾ ಕುದುರೆಗೆ ಮನೆಯ ಬೆಲ್ಲ ಕದ್ದು ತಿನ್ನಿಸುತ್ತ ಬೆಳೆದಳು.

ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಊರ ಕೋಟೆಯಲ್ಲಿ 'ಬುರುಜಿನ ಬಂಟರು' ಸಿನಿಮಾದ ಶೂಟಿಂಗ್ ನಡೆಯಿತು. ಶೂರಸೇನ ಮತ್ತು ಮಿಂಚು ಎಂಬ ಇಬ್ಬರು ಬಂಟರು, ಅವರ ಎದುರಾಳಿ ದುರ್ಜಯ ಎಂಬ ಸೇನಾಪತಿ, ಕುದುರೆ, ಕತ್ತಿ, ಗೋಡೆಯಿಂದ ಗೋಡೆಗೆ ಜಿಗಿತ. ಇದ್ದದ್ದು ಅಷ್ಟೇ ಕಥೆ. ಮಿಂಚುವಿನ ಪಾತ್ರ ಮಾಡಲು ಬೆಂಗಳೂರಿನಿಂದ ಬಂದಿದ್ದ ನಟಿ ಕುದುರೆಯನ್ನು ಹತ್ತಿರದಿಂದ ಕಂಡವಳೇ ಅತ್ತು, ಸಂಜೆಯ ಗಾಡಿ ಹಿಡಿದು ಹೊರಟುಹೋದಳು. ಡೈರೆಕ್ಟರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ನೋಡಲು ಬಂದಿದ್ದ ಹುಡುಗಿಯರ ಗುಂಪಿನಿಂದ ಸಕ್ಕೂಬಾಯಿ ಮುಂದೆ ಬಂದಳು. ಕುದುರೆಗಳು ಮೋಮಿನಪುರದ ಟಾಂಗಾದವರ ಮಗ ಇಮಾಮುದ್ದೀನನವು. ಅವನ ಗಡ್ಡ, ಕಣ್ಣು, ಎತ್ತರ ನೋಡಿ ಡೈರೆಕ್ಟರು ಅವನಿಗೇ ದುರ್ಜಯನ ಪಾತ್ರ ಕೊಟ್ಟಿದ್ದರು. ಅವನು ಲಗಾಮನ್ನು ಅವಳ ಕೈಗಿಟ್ಟು, "ಅದು ನಿನ್ನ ನೋಡಾಕತ್ತದ. ನೀನೂ ಅದನ್ನ ನೋಡು. ಹೆದ್ರಿಕಿ ಇದ್ರ ಈಗೇ ಹೇಳು," ಎಂದ. ಅವಳಿಗೆ ಹೆದರಿಕೆ ಇರಲಿಲ್ಲ.

ಮನೆಯಲ್ಲಿ ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಅವಳು ಕೋಟೆಗೆ ಹೋಗುತ್ತಿದ್ದಳು. ಗೋಡೆಯ ಮೇಲಿಂದ ಕುದುರೆ ಹಾರಿಸುವ ದೃಶ್ಯದಲ್ಲಿ ಬಿದ್ದು ಬಲಭುಜದ ಎಲುಬು ಮುರಿಯಿತು. ಪಟ್ಟಿ ಕಟ್ಟಿಸಿಕೊಂಡು ಬಂದು ಉಳಿದ ಕಾಳಗವನ್ನೆಲ್ಲ ಎಡಗೈಯಲ್ಲೇ ಮಾಡಿ ಮುಗಿಸಿದಳು. ಪೇಪರಿನಲ್ಲಿ ಫೋಟೋ ಬಂದಾಗ ತಂದೆ ಒಂದು ಮಾತೂ ಆಡಲಿಲ್ಲ. ಒಂದು ಮಾತೂ ಆಡದೆ ಎಷ್ಟೋ ತಿಂಗಳು ಕಳೆದರು. ಬಂದಿದ್ದ ಸಂಬಂಧವೊಂದು ಮುರಿಯಿತು. ಸಿನಿಮಾ ಮಾತ್ರ ಕಲಬುರಗಿಯ ಟಾಕೀಸಿನಲ್ಲಿ ಬೇಸಗೆಯುದ್ದಕ್ಕೂ ಓಡಿತು. ಹುಡುಗಿಯರು ಮಿಂಚುವಿನ ಹಾಗೆ ಓಢಣಿಯನ್ನು ಸೊಂಟಕ್ಕೆ ಬಿಗಿದು ತಿರುಗಿದರು. ಆಮೇಲೆ ಶೂರಸೇನನಾಗಿದ್ದ ದಿಲೀಪನ ಮನೆಯ ಮುಂದೆ ನಿರ್ಮಾಪಕರು ಸಾಲುಗಟ್ಟಿದರು. ಸಕ್ಕೂಬಾಯಿಯ ಮನೆಯ ಮುಂದೆ ಯಾರೂ ಬರಲಿಲ್ಲ. ಬಂದ ಒಬ್ಬನೇ ಒಬ್ಬ ಹಾಡಿನಲ್ಲಿ ಕುಣಿಯಲು ಕರೆದ. ಅವಳು ಕಂಡಕ್ಟರ್ ಪರೀಕ್ಷೆ ಪಾಸಾಗಿ ಖಾಕಿ ತೊಟ್ಟಳು. ಸಹಕಾರಿ ಬ್ಯಾಂಕಿನ ಗುಮಾಸ್ತ ಸುಮಧ್ವ ಅವಳನ್ನು ಮದುವೆಯಾದ. ಆ ಸಿನಿಮಾ ಹಲವು ಸಲ ನೋಡಿದ್ದನ್ನು ಅವನು ತನ್ನ ತಾಯಿಗೆ ಮಾತ್ರ ಕೊನೆಯವರೆಗೂ ಹೇಳಲಿಲ್ಲ.

ನಜ್ಮಾ ಫೋನು ತೋರಿಸಿದ ವಾರದಲ್ಲೇ ಕರೆ ಬಂತು. ಹಳೆಯ ಡೈರೆಕ್ಟರು ತೀರಿಕೊಂಡಿದ್ದರು. ಅವರ ಮಗ ಕೌಸ್ತುಭ ಎರಡನೆಯ ಭಾಗ ಮಾಡುತ್ತಿದ್ದ. ಸ್ಟೇಷನ್ ರಸ್ತೆಯ ಹೋಟೆಲಿನ ಮೇಲಿನ ಕೋಣೆಗೆ ಬರಬೇಕೆಂದು ಬಹಳ ವಿನಯದಿಂದ ಕೇಳಿಕೊಂಡ. ಸಕ್ಕೂಬಾಯಿಯ ಸಿಟ್ಟು ಅರ್ಧ ಕರಗಿತು. ತಡವಾಗಿಯಾದರೂ ಕರೆದರಲ್ಲ ಎಂದುಕೊಂಡು ಇಳಕಲ್ ಸೀರೆ ಉಟ್ಟು ಹೋದಳು.

ಕೌಸ್ತುಭ ಎದ್ದು ನಿಂತು ನಮಸ್ಕರಿಸಿದ. ಕಾಫಿ ತರಿಸಿದ. "ಮೇಡಂ, ಈ ಕಥಿ ಜೀವಾನೇ ಮಿಂಚು. ಅವಳಿಲ್ಲ ಅಂದ್ರ ಕಥೀನೇ ಇಲ್ಲ."

"ಹೇಳ್ರಿ, ಕೇಳ್ತೀನಿ."

"ಬುರುಜಿನ ಕೆಳಗ ಒಂದು ಮನಿ. ಒಳಗ ದೀಪ ಉರೀಲಿಕತ್ತದ. ಮಿಂಚುಗ ಲಕ್ವಾ ಹೊಡದದ. ಮಂಚದ ಮ್ಯಾಲ ಮಲಗ್ಯಾಳ. ಕೈಕಾಲು ಆಡಂಗಿಲ್ಲ, ಮಾತು ಬರಂಗಿಲ್ಲ, ಬರೇ ಕಣ್ಣು. ದುರ್ಜಯ ಬರ್ತಾನ. ಕತ್ತಿ ಎತ್ತತಾನ. ಅವಳ ಕಣ್ಣಾಗ ಒಂದ ಹನಿ ನೀರು. ಅಲ್ಲಿಂದ ಶೂರಸೇನನ ಸೇಡು ಶುರು!"

"ಅಂದ್ರ ನಾ ಯಾವಾಗ ಸಾಯ್ತೀನಿ?"

"ಟೈಟಲ್ ಬರೂಕಿಂತ ಮೊದಲು ಮೇಡಂ. ಭಾಳ ಪವರ್‌ಫುಲ್ ಓಪನಿಂಗ್."

"ಮತ್ತ ನನ್ನ ಕತ್ತಿ?"

"ಗ್ವಾಡಿ ಮ್ಯಾಲ ತೂಗಹಾಕಿರ್ತದ. ಆಮ್ಯಾಲ ನಿಮ್ಮ ಮಗಳು ತಗೋತಾಳ. ಸೃಷ್ಟಿ ಅಂತ ಹೊಸಾ ಹುಡುಗಿ, ಛಲೋ ಮಾಡ್ತಾಳ. ಆಕೀಗೂ ಶೂರಸೇನಗೂ ಒಂದು ಲವ್ ಟ್ರ್ಯಾಕ್ ಅದ."

"ನನ್ನ ಬಾಜೂಕ ನಿಂತು ಲಡಾಯಿ ಮಾಡ್ದಾಂವ ನನ್ನ ಮಗಳನ್ನ ಲಗ್ನಾ ಆಗ್ತಾನ?"

ಕೌಸ್ತುಭ ಕಾಫಿಯನ್ನು ಮುಂದೆ ಸರಿಸಿದ.

"ದಿಲೀಪ ನನಗಿಂತ ಒಂಬತ್ತು ವರ್ಷಕ್ಕ ದೊಡ್ಡಾಂವ ಇದ್ದಾನಪಾ," ಎಂದಳು ಸಕ್ಕೂಬಾಯಿ. ದನಿ ಏರುತ್ತಿತ್ತು. "ಅಂವ ಬುರುಜಿನಿಂದ ಬುರುಜಿಗೆ ಜಿಗೀತಾನ. ನಾ ಇನ್ನೂ ಐವತ್ತು ಮುಟ್ಟಿಲ್ಲ, ನನಗ ಲಕ್ವಾ. ಅಂವಗ್ಯಾಕ ಹೊಡೀಲಿಲ್ಲ ಲಕ್ವಾ?"

"ಮೇಡಂ, ಹೀರೋಗ ವಯಸ್ಸಾಗಂಗಿಲ್ಲಲ್ರಿ..."

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬೆಳಿಗ್ಗೆ ಸೂರ್ಯ ಹುಟ್ಟುತ್ತಾನೆ ಎನ್ನುವ ಹಾಗೆ ಹೇಳಿದ. ಸಕ್ಕೂಬಾಯಿಗೆ ಅದೇ ಹೆಚ್ಚು ಉರಿಯಿತು. ಎದ್ದಳು. "ನಾ ಒಲ್ಲೆ," ಎಂದು ಮೆಟ್ಟಿಲಿಳಿದಳು. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಮನೆಯಲ್ಲಿ ಸುಮಧ್ವ ಎಲ್ಲ ಕೇಳಿಸಿಕೊಂಡು, "ಹೋಗ್ಲಿ ಬಿಡು," ಎಂದ. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಅವನು ಆಡಿದ ಅತ್ಯಂತ ತಪ್ಪು ಮಾತು ಅದು.

"ಏನು ಹೋಗ್ಲಿ? ಎಲ್ಲೀಗೆ ಹೋಗ್ಲಿ? ಎಲುಬು ಮುರೀತು, ಹೋಗ್ಲಿ ಅಂದೆ. ಅಪ್ಪ ಮಾತು ಬಿಟ್ರು, ಹೋಗ್ಲಿ ಅಂದೆ. ಕೆಲಸ ಸಿಗ್ಲಿಲ್ಲ, ಹೋಗ್ಲಿ ಅಂದೆ. ಈಗ ಜೀವಂತ ಇದ್ದಾಕೀನ್ನ ಮಂಚಕ್ಕ ಹಾಕಿ ಕೊಲ್ತಾರ, ಅದನ್ನೂ ಹೋಗ್ಲಿ ಅನ್ಲೇನು?"

ಸುಮಧ್ವ ಅನ್ನದ ಡಬರಿಯನ್ನು ಒಲೆಯಿಂದ ಇಳಿಸಿ ತಾಟು ಹಾಕಿದ.

ಮರುದಿನ ಡ್ಯೂಟಿ ಮುಗಿಸಿ ಅವಳು ರೋಜಾ ಬಡಾವಣೆಗೆ ಹೋದಳು. ಟಾಂಗಾಗಳ ಕಾಲ ಮುಗಿದ ಮೇಲೆ ಇಮಾಮುದ್ದೀನ್ ಅಲ್ಲಿ ದರ್ಗಾಕ್ಕೆ ಹೋಗುವ ದಾರಿಯಲ್ಲಿ ಹೂವು, ಚಾದರದ ಅಂಗಡಿ ಇಟ್ಟಿದ್ದ. ಅವನ ಗಡ್ಡ ಬೆಳ್ಳಗಾಗಿ ಎಷ್ಟೋ ವರ್ಷವಾಗಿತ್ತು. ಅಂದು ನೋಡಿದರೆ ಬಣ್ಣ ಹಚ್ಚಿ ಕಪ್ಪಗೆ ಮಾಡಿಕೊಂಡಿದ್ದ. ಅವನೂ ಸಿನಿಮಾಕ್ಕೆ ಒಪ್ಪಿದ್ದಾನೆಂದು ಅವಳಿಗೆ ಆಗಲೇ ತಿಳಿಯಿತು.

"ನೀವೂ ಒಪ್ಪೀರೇನು, ಇಮಾಮಭಾಯಿ?"

"ಸಕ್ಕೂ, ಖುಶಿ ಆಗ್ಯದವಾ ನನಗ. ಮತ್ತೊಮ್ಮಿ ಕುದುರಿ ಮ್ಯಾಲ ಕೂಡತೀನಿ ಅಂತ ಕನಸಿನಾಗೂ ಅಂದುಕೊಂಡಿದ್ದಿಲ್ಲ. ಡಾಕ್ಟರಿಗೆ ಹೇಳಿಲ್ಲ, ಹೇಳಿದ್ರ ಬ್ಯಾಡ ಅಂತಾರ." ಅವನು ನಗುತ್ತ ಗುಲಾಬಿ ಹೂಗಳ ಮೇಲೆ ನೀರು ಚಿಮುಕಿಸಿದ. "ನೀ ಬಂದ್ರ ಮತ್ತ ಹಳೇ ಮಜಾ ಬರ್ತದ."

"ನಾ ಮಂಚದ ಮ್ಯಾಲ ಹೆಣದಂಗ ಬಿದ್ದಿರ್ತೀನಿ. ನೀವು ಬಂದು ಕತ್ತಿ ಹಾಕ್ತೀರಿ. ಇದು ಮಜಾ?"

ಇಮಾಮುದ್ದೀನನ ಕೈ ನಿಂತಿತು. ಅವನಿಗೆ ಕುದುರೆಯ ದೃಶ್ಯಗಳನ್ನಷ್ಟೇ ಹೇಳಿದ್ದರು. "ಹಂಗೇನು? ...ಇದು ಸಿನಿಮಾ ಅಲ್ಲೇನು, ಬೇಟಾ. ಖರೇ ಖರೇ ಏನಲ್ಲ."

"ಸಿನಿಮಾದಾಗರೆ ಯಾಕ ಹಂಗ ಸಾಯ್ಬೇಕು ನಾ? ಕಥಿ ಏನಂತ ನೀವಾದ್ರೂ ಒಂದು ಮಾತು ಕೇಳಬೇಕಾಗಿತ್ತು, ಭಾಯಿ."

ಅಷ್ಟು ಹೇಳಿ ಅವಳು ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಹೊರಟಳು.

ಒಲ್ಲೆ ಎಂದ ಮೇಲೆ ಮುಗಿಯಿತು ಎಂದುಕೊಂಡಿದ್ದಳು. ಮುಗಿಯಲಿಲ್ಲ. ದಸರೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಪೋಸ್ಟರ್ ಬಿತ್ತು. ನಡುವೆ ದಿಲೀಪ, ಮುಖದಲ್ಲಿ ಒಂದು ಗೆರೆಯಿಲ್ಲ. ಬಲಕ್ಕೆ ಇಮಾಮುದ್ದೀನ್. ಎಡಕ್ಕೆ ಇಪ್ಪತ್ತೆರಡರ ಸಕ್ಕೂಬಾಯಿ, ನಗುತ್ತಿದ್ದಳು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಅದೇ ತಂಡ!'

ಅವಳು ಅಲ್ಲೇ ನಿಂತು ಕೌಸ್ತುಭನಿಗೆ ಫೋನು ಹಚ್ಚಿದಳು. ಹಳೆಯ ಸಿನಿಮಾದ ಫೋಟೋ ಕಂಪನಿಯದು, ಹಾಕಲು ಹಕ್ಕಿದೆ ಎಂದ ಅವನು. ಮಂಚದ ಮೇಲೆ ಬೇರೆ ಯಾರನ್ನೋ ಮಲಗಿಸಿ, ಮುಖ ಗೋಡೆಯ ಕಡೆ ತಿರುಗಿಸಿದರೆ ಜನರಿಗೆ ತಿಳಿಯುವುದಿಲ್ಲ ಎಂದೂ ಹೇಳಿದ. ಕ್ಷಮಿಸಿ ಮೇಡಂ ಎಂದೂ ಹೇಳಿದ.

ಅಂದಿನಿಂದ ಬಸ್ಸಿನಲ್ಲಿ ಜನ ಅಭಿನಂದಿಸತೊಡಗಿದರು. "ಮಿಂಚಕ್ಕ, ಮತ್ತ ಕುದುರಿ ಹತ್ತಾಕತ್ತೀರಿ!" ಎನ್ನುವರು. ಬಾಳೆಗೊನೆ ಹೊತ್ತ ಮುದುಕಿಯರು ಅವಳ ಗದ್ದ ಹಿಡಿದು ದೃಷ್ಟಿ ತೆಗೆಯುವರು. ಒಂದೊಂದು ಅಭಿನಂದನೆಯೂ ಕಪಾಳಕ್ಕೆ ಬಿದ್ದ ಹಾಗಾಗುತ್ತಿತ್ತು. ಒಲ್ಲೆ ಎಂದವಳ ಮುಖವನ್ನು ಕದ್ದು ಗೋಡೆಗೆ ಅಂಟಿಸಿದ್ದರು. ಆ ಮುಖ ನಂಬಿ ಬಂದವರಿಗೆ ಯಾರದೋ ಬೆನ್ನು ತೋರಿಸಿ ಕಳಿಸುವವರಿದ್ದರು. ಇದನ್ನು ಯಾರಿಗೆ ಹೇಳುವುದು? ಹೇಳಿದಷ್ಟೂ ತನಗೆ ಪಾತ್ರ ಸಿಗದ ಹೊಟ್ಟೆಕಿಚ್ಚಿನಂತೆ ಕೇಳಿಸುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಶೂಟಿಂಗ್ ಕಮಲಾಪುರಕ್ಕೆ ಬಂತು. ಊರ ಹೊರಗೆ, ಕೆಂಪು ಬಾಳೆಯ ತೋಟಗಳ ಪಕ್ಕದಲ್ಲಿ, ಪಾಳುಬಿದ್ದ ಒಂದು ವಾಡೆಗೆ ಬಣ್ಣ ಬಳಿದು ಅರಮನೆ ಮಾಡಿದ್ದರು. ಆ ದಿನ ಸಕ್ಕೂಬಾಯಿಯ ಬಸ್ಸು ಅಲ್ಲಿಗೆ ಬರುವಷ್ಟರಲ್ಲಿ ಹಗ್ಗ ಹಿಡಿದ ನಾಲ್ಕು ಜನ ರಸ್ತೆಗೆ ಅಡ್ಡ ನಿಂತಿದ್ದರು. ಕುದುರೆಗಳು ರಸ್ತೆ ದಾಟುವ ದೃಶ್ಯ. ಮೊದಲು ಸ್ವಲ್ಪ ಹೊತ್ತು ಅಂದರು. ಆಮೇಲೆ ಇನ್ನೊಂದು ಸ್ವಲ್ಪ ಹೊತ್ತು ಅಂದರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕೂಸುಗಳು ಅಳುತ್ತಿದ್ದವು. ನಜ್ಮಾ ಕಿಟಕಿಯಿಂದ ತಲೆ ಹೊರಹಾಕಿ, "ದವಾಖಾನಿಗೆ ಹೋಗಬೇಕ್ರೀ, ಪೇಶಂಟ್ ಕಾಯಾಕತ್ತಾರ!" ಎಂದು ಕೂಗಿದಳು. ಹಗ್ಗದವನು ತುಟಿಗೆ ಬೆರಳಿಟ್ಟು ಶ್ ಎಂದ.

ಸಕ್ಕೂಬಾಯಿ ಕೆಳಗಿಳಿದಳು. ಹಗ್ಗದ ಕೆಳಗೆ ಬಗ್ಗಿ ಆ ಕಡೆ ಹೋದಳು. ಅದೇ ಗಳಿಗೆಗೆ ಯಾರೋ 'ಆ್ಯಕ್ಷನ್' ಎಂದರು, ಕುದುರೆಗಳು ಧೂಳೆಬ್ಬಿಸಿ ಓಡಿದವು, ಸೈನಿಕರು ಜೈಕಾರ ಹಾಕಿದರು. ಅವಳು ವಿಸಲ್ ಬಾಯಿಗಿಟ್ಟು, ಮುಖ ಕೆಂಪಗಾಗುವವರೆಗೆ ಊದಿದಳು. ಕುದುರೆಗಳು ಅಡ್ಡಾದಿಡ್ಡಿ ಚೆದುರಿದವು. ಒಬ್ಬ ಸೈನಿಕ ಬಾಳೆ ತೋಟದ ಕಾಲುವೆಯಲ್ಲಿ ಬಿದ್ದ.

"ಯಾರದು? ಯಾರದು?" ಎನ್ನುತ್ತ ಓಡಿ ಬಂದ ಕೌಸ್ತುಭ ಅವಳನ್ನು ಕಂಡು ನಿಂತ.

"ರಸ್ತಾ ನಿಮ್ಮ ಕಂಪನೀದಲ್ಲ, ನನ್ನ ಮಾರಿನೂ ನಿಮ್ಮ ಕಂಪನೀದಲ್ಲ," ಎಂದಳು ಸಕ್ಕೂಬಾಯಿ. "ಎರಡೂ ಬಿಡ್ರಿ."

ವ್ಯಾನಿನ ಬಾಗಿಲು ತೆರೆಯಿತು. ದಿಲೀಪ ಇಳಿದು ಬಂದ. ಪೋಸ್ಟರಿನಲ್ಲಿ ಕಾಣದ ಗೆರೆಗಳೆಲ್ಲ ಮುಖದ ಮೇಲಿದ್ದವು. ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದಿತ್ತು. ಕುದುರೆಯ ಮೇಲೆ ಶೂರಸೇನನ ವೇಷದಲ್ಲಿದ್ದವನು ಬೇರೆ ಯಾರೋ ಎಂಬುದು ಅವಳಿಗೆ ಆಗ ಗೊತ್ತಾಯಿತು. ದಿಲೀಪ ಬೀದರ ಕಡೆಯವನು. ಪತ್ರಕರ್ತರ ಮುಂದೆ ಬೆಂಗಳೂರಿನ ಕನ್ನಡ, ಹಳೆಯ ಪರಿಚಯದವರ ಜೊತೆ ಊರ ಮಾತು.

"ಸಕ್ಕೂ, ಒಳಗ ಬಾ. ಮಂದಿ ಮುಂದ ಬ್ಯಾಡ."

"ಮಂದಿ ಇರ್ಲಿ. ಇಲ್ಲೇ ಹೇಳು. ನಾ ಏನು ಮಾಡೀನಿ ನಿನಗ? ಮೂರು ತಿಂಗಳು ಒಂದೇ ಡಬ್ಬೀದಾಗ ರೊಟ್ಟಿ ತಿಂದೀವಿ. ನನಗ ಎದ್ದು ನಿಂದರ್ಲಿಕ್ಕೂ ಬಿಡದಂಥಾ ಕಥಿ ಯಾರು ಬರದ್ರು?"

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಹುಡುಗಗ ಬೈಬ್ಯಾಡ. ಅದನ್ನ ಹೇಳ್ದಾಂವ ನಾನೇ. ಕೌಸ್ತುಭ ಮೊದಲು ಬರದದ್ದು ಇಬ್ಬರೂ ಕೂಡಿ ಲಡಾಯಿ ಮಾಡೋದು. ನಾ ಬ್ಯಾಡ ಅಂದೆ. ನೀ ಬಾಜೂಕ ನಿಂತ್ರ ಮಂದಿ ನನ್ನ ವಯಸ್ಸು ಎಣಸ್ತಾರ. ನನಗ ಇನ್ನೂ ಐದಾರು ವರ್ಷ ಹೀರೋ ಆಗೇ ಇರಬೇಕು ಸಕ್ಕೂ. ಬ್ಯಾರೆ ಕೆಲಸ ನನಗ ಗೊತ್ತಿಲ್ಲ."

ಒಂದು ಕ್ಷಣ ಅವಳಿಗೆ ಅಯ್ಯೋ ಅನಿಸಿತು. ಆ ಮೊಣಕಾಲುಗಳನ್ನು ನೋಡಿದರೆ ಯಾರಿಗಾದರೂ ಅನಿಸುತ್ತಿತ್ತು. ಆದರೆ ಮರುಕ್ಷಣ ಮಂಚ, ಗೋಡೆಗೆ ತಿರುಗಿಸಿದ ಮುಖ, ಕಣ್ಣಿನ ಹನಿ ಎಲ್ಲ ನೆನಪಾಗಿ ಮೈಯೆಲ್ಲ ಬಿಸಿಯಾಯಿತು.

"ನಿನ್ನ ವಯಸ್ಸು ಮುಚ್ಚಲಿಕ್ಕೆ ನನಗ ಲಕ್ವಾ ಹೊಡಿಸ್ದಿ?"

ಅವಳ ದನಿ ಬಸ್ಸಿನ ಕೊನೆಯ ಸೀಟಿಗೂ ಕೇಳಿಸಿತು. ಅಷ್ಟರಲ್ಲಿ ಪ್ಯಾಸೆಂಜರ್ ಹೆಂಗಸರೆಲ್ಲ ಇಳಿದು ಹಗ್ಗದ ಈಚೆ ಬಂದಿದ್ದರು. "ಏನಂದ, ಏನಂದ?" ಎಂದು ಹಿಂದಿನವರು ಕೇಳಿದರು. ಎಲ್ಲರಿಗಿಂತ ಮುಂದೆ ನಿಂತು ಕೇಳಿಸಿಕೊಂಡಿದ್ದ ನಜ್ಮಾ ತಿರುಗಿ, "ಅಕ್ಕ ಬಾಜೂಕ ನಿಂತ್ರ ತಾ ಮುದುಕ ಕಾಣತಾನಂತ, ಅದಕ್ಕ ಅಕ್ಕನ್ನ ಕೊಲ್ಸಾಕತ್ತಾನ!" ಎಂದು ಸಾರಿದಳು. ಬಾಳೆಗೊನೆಯ ಮುದುಕಿಯೊಬ್ಬಳು ದಿಲೀಪನಿಗೆ ಆಡಿದ ಮಾತು ಬರೆಯುವಂಥದ್ದಲ್ಲ. ಅವನು ವ್ಯಾನಿಗೆ ಹಿಂತಿರುಗಿ ಬಾಗಿಲು ಎಳೆದುಕೊಂಡ.

ಆಗ ಇಮಾಮುದ್ದೀನ್ ಕುದುರೆಯಿಂದ ಇಳಿದ. ಇಬ್ಬರು ಹಿಡಿದು ಇಳಿಸಬೇಕಾಯಿತು. ಕಪ್ಪು ನಿಲುವಂಗಿ, ಕಪ್ಪು ಗಡ್ಡ, ಹಣೆಯ ಮೇಲೆ ಬಣ್ಣದ ಗಾಯ. ನೆಟ್ಟಗೆ ಬಂದು ಕತ್ತಿಯನ್ನು ಚಹಾದ ಮೇಜಿನ ಮೇಲಿಟ್ಟ.

"ಕೌಸ್ತುಭ ಸಾಬ್, ಬ್ಯಾರೆ ಎಲ್ಲಾ ಸೀನ್ ಮಾಡ್ತೀನಿ. ನಾಳೀನ ಮಂಚದ ಸೀನ್ ಮಾಡಂಗಿಲ್ಲ."

"ಚಾಚಾ, ಮಂಚದ ಮ್ಯಾಲ ಅವರಿಲ್ರಿ, ಬ್ಯಾರೆ ಯಾರೋ..."

"ಯಾರರೆ ಇರ್ಲಿ. ದುರ್ಜಯ ಹರಾಮಿ ಖರೇ. ಆದ್ರ ಮಿಂಚುನ ಜೋಡಿ ಎದುರಾಎದುರ ನಿಂತು ಲಡಾಯಿ ಮಾಡ್ದಾಂವ. ಏಳ್ಲಿಕ್ಕೆ ಬರದ ಹೆಂಗಸಿನ ಮ್ಯಾಲ ನಾ ಕತ್ತಿ ಎತ್ತಂಗಿಲ್ಲ. ನಾಳೆ ದರ್ಗಾದ ಮುಂದ ಕುಂತು ಮಂದೀಗಿ ಮಾರಿ ಹ್ಯಾಂಗ ತೋರಸ್ಲಿ?" ಅನಂತರ ಸಕ್ಕೂಬಾಯಿಯ ಕಡೆ ತಿರುಗಿದ. "ಮೊದಲೇ ಕೇಳಬೇಕಾಗಿತ್ತವಾ. ನಿನ್ನ ಮಾತು ಖರೇ."

ದುರ್ಜಯ ಕೊಲ್ಲದಿದ್ದರೆ ಶೂರಸೇನನಿಗೆ ಸೇಡಿಲ್ಲ. ಸೇಡಿಲ್ಲದಿದ್ದರೆ ಸಿನಿಮಾ ಇಲ್ಲ. ಕೌಸ್ತುಭ ಚಹಾದ ಮೇಜಿನ ಮೇಲೆ ಕೈಯೂರಿ ನಿಂತ. ಸಕ್ಕೂಬಾಯಿ ಮಾತ್ರ, "ಮೊದಲು ಬಸ್ ಬಿಡ್ರಿ," ಎಂದಳು. ಹಗ್ಗ ಸರಿಯಿತು, ನಜ್ಮಾ ದವಾಖಾನೆ ಸೇರಿದಳು.

ತಿರುಗಿ ಬರುವಾಗ ವಾಡೆಯ ಹತ್ತಿರ ಒಬ್ಬ ಕೈ ಮಾಡಿ ಬಸ್ಸು ನಿಲ್ಲಿಸಿದ. ಕೌಸ್ತುಭನೇ. ಕಲಬುರಗಿಗೆ ಟಿಕೆಟ್ ತೆಗೆದುಕೊಂಡ. ಸೀಟಿರಲಿಲ್ಲ. ಕಂಬಿ ಹಿಡಿದು ಜೋಲಿ ಹೊಡೆಯುತ್ತ ಕಥೆಯನ್ನು ಅಲ್ಲೇ ತಿದ್ದತೊಡಗಿದ.

"ಮೇಡಂ, ಲಕ್ವಾ ಬ್ಯಾಡ. ಮಿಂಚುಗ ಒಂದು ಲಡಾಯಿ ಇಡ್ತೀನಿ. ದುರ್ಜಯನ ಕೂಡ, ಕೋಟೀದಾಗ."

"ಸಾಯ್ತಾಳೇನು?"

"ಗಾಯ ಆಗಿ ಸಾಯ್ತಾಳ್ರಿ, ವೀರಮರಣ."

"ಒಲ್ಲೆ. ಮುಂದ ನಡೀರಿ, ಬಾಗಲಾಗ ನಿಂದರಬ್ಯಾಡ್ರಿ."

ಕುರಿಕೋಟಾ ದಾಟುವಾಗ ಅವನು ವೀರಮರಣ ಕೈಬಿಟ್ಟ. ಮಿಂಚು ಕಾದಾಡಿ, ದುರ್ಜಯನ ಕೈಯಿಂದ ಕೋಟೆಯ ಕೀಲಿ ಕಸಿದುಕೊಂಡು ಪಾರಾಗಬೇಕು ಎಂದಾಯಿತು. ಸೇಡಿನ ಬದಲು ಕೀಲಿಯ ಮೇಲೆ ಕಥೆ ನಿಲ್ಲಬೇಕು. ಸುತ್ತಲಿನ ಹೆಂಗಸರು ಹೂಂ ಎಂದರು. ಶೂರಸೇನ ಮಿಂಚುವಿನ ಮಗಳನ್ನು ಪ್ರೀತಿಸುವುದನ್ನೂ ತೆಗೆಯಿರಿ ಎಂದು ಹಿಂದಿನಿಂದ ಯಾರೋ ಸೂಚಿಸಿದರು. ಅದಕ್ಕೆ ದಿಲೀಪ ಒಪ್ಪಲಿಕ್ಕಿಲ್ಲ, ಆದರೆ ಸೃಷ್ಟಿಯನ್ನು ಮಿಂಚುವಿನ ಮಗಳು ಎನ್ನುವುದಿಲ್ಲ ಎಂದ ಕೌಸ್ತುಭ. ಕಲಬುರಗಿ ಹತ್ತಿರ ಬಂದಾಗ ಅವನ ಫೋನು ರಿಂಗಾಯಿತು. ದಿಲೀಪ. ಹೊಸ ಕಥೆ ಹೇಳಿ, ಮಾತು ಮುಗಿಸಿದ ಮೇಲೆ ಕೌಸ್ತುಭನ ಮುಖ ಬಾಡಿತ್ತು.

"ಮೇಡಂ, ಅವರು ಎಲ್ಲಾಕ್ಕೂ ಹೂಂ ಅಂದಾರ. ಒಂದೇ ಷರತ್ತು. ನೀವಿಬ್ಬರೂ ಒಂದು ಫ್ರೇಮಿನಾಗೂ ಕೂಡಿ ಕಾಣಬಾರದಂತ."

"ಬಂಟರು ಅಂದ್ರ ಇಬ್ಬರು. ಇಬ್ಬರೂ ಕೂಡಂಗಿಲ್ಲಂದ್ರ ಹ್ಯಾಂಗ?"

"ಅವರು ಬಿಟ್ಟು ಹೋದ್ರ ಸಿನಿಮಾ ನಿಂತ್ಹೋಗ್ತದ್ರಿ. ಇಮಾಮುದ್ದೀನ್ ಚಾಚಾಂದೂ ನಿಂತ್ಹೋಗ್ತದ."

ಅವಳು ಇಮಾಮುದ್ದೀನನ ಕಪ್ಪು ಮಾಡಿಕೊಂಡ ಗಡ್ಡವನ್ನು ನೆನೆದಳು. ಹಲ್ಲು ಕಚ್ಚಿ ಒಪ್ಪಿದಳು. ತಿರುಗಿ ತನ್ನದೂ ಒಂದು ಷರತ್ತು ಹಾಕಿದಳು: ಪೋಸ್ಟರಿನ ಮೇಲೆ ಈಗಿನ ಮುಖವೇ ಇರಬೇಕು.

ಅವಳ ಕಾಳಗವನ್ನು ಕಲಬುರಗಿಯ ಕೋಟೆಯಲ್ಲಿ ವಾರದ ರಜೆಯ ದಿನ ತೆಗೆದರು. ಕೋಟೆಯೊಳಗೆ ಮನೆ ಮಾಡಿಕೊಂಡಿರುವವರು ಮಾಳಿಗೆಗಳ ಮೇಲೆ ನಿಂತು ನೋಡಿದರು. ಚಂದವಾಗೇನೂ ಇರಲಿಲ್ಲ ಅದು. ಎರಡು ಏಟಿಗೊಮ್ಮೆ ಇಬ್ಬರಿಗೂ ಏದುಸಿರು. ಇಮಾಮುದ್ದೀನನ ನಿಲುವಂಗಿ ಅವನ ಕಾಲಿಗೇ ತೊಡರಿತು. ಸಕ್ಕೂಬಾಯಿಯ ಮುರಿದು ಕೂಡಿದ್ದ ಭುಜಕ್ಕೆ ಚಳಕು ಹಿಡಿಯಿತು. ಒಮ್ಮೆ ಇಬ್ಬರಿಗೂ ನಗು ತಡೆಯಲಾಗದೆ ಕತ್ತಿ ಊರಿಕೊಂಡು ಕೂತುಬಿಟ್ಟರು. ಕೌಸ್ತುಭ ಆ ಏದುಸಿರನ್ನು ಕತ್ತರಿಸಲಿಲ್ಲ. ಹಾಗೇ ಇಟ್ಟ. ಸುಮಧ್ವ ಬ್ಯಾಂಕಿಗೆ ರಜೆ ಹಾಕಿ ಬಂದು, ಕೊಡೆಯ ಕೆಳಗೆ ಕೂತು, ಹೆಂಡತಿಯ ಮೇಲೆ ಏಟು ಬೀಳುವಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ.

ಬೇಸಗೆಯಲ್ಲಿ ಸಿನಿಮಾ ಬಂತು. ಷರತ್ತಿನಂತೆ ಸಕ್ಕೂಬಾಯಿಯ ಈಗಿನ ಮುಖಕ್ಕೆ ಬೇರೆಯದೇ ಒಂದು ಪೋಸ್ಟರ್ ಮಾಡಿದ್ದರು. ಮೊದಲ ಆಟಕ್ಕೆ ಮುಂಚೆ ಕಲಬುರಗಿಯ ಥಿಯೇಟರಿನ ವೇದಿಕೆಯ ಮೇಲೆ ಪತ್ರಕರ್ತರ ಮುಂದೆ ತಂಡವನ್ನು ಕೂರಿಸಿದರು. ನಡುವೆ ದಿಲೀಪ, ಅವನ ಆಚೀಚೆ ಸೃಷ್ಟಿ ಮತ್ತು ನಿರ್ಮಾಪಕ, ಆಮೇಲೆ ಕೌಸ್ತುಭ, ಇಮಾಮುದ್ದೀನ್. ಸಕ್ಕೂಬಾಯಿಯ ಕುರ್ಚಿ ಕೊನೆಗೆ, ಸ್ಪೀಕರಿನ ಮಗ್ಗುಲಲ್ಲಿ. ಕ್ಯಾಮೆರಾಗಳು ಅಲ್ಲಿಯವರೆಗೆ ತಿರುಗುತ್ತಿರಲಿಲ್ಲ.

ಪತ್ರಕರ್ತನೊಬ್ಬ ದಿಲೀಪನನ್ನು ಕೇಳಿದ: "ಟ್ರೇಲರ್‌ನಲ್ಲಿ ಬಂಟರಿಬ್ಬರೂ ಒಟ್ಟಿಗೆ ಎಲ್ಲೂ ಕಾಣುವುದಿಲ್ಲವಲ್ಲ ಸರ್?"

ದಿಲೀಪ ಮುಗುಳ್ನಕ್ಕ. "ಕಥೆ ಅದನ್ನು ಕೇಳಲಿಲ್ಲ."

ಸಕ್ಕೂಬಾಯಿ ಎದ್ದಳು. ತನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಬಸ್ಸಿನ ಗದ್ದಲದಲ್ಲಿ ದಾರಿ ಮಾಡಿಕೊಳ್ಳುವ ಹಾಗೆಯೇ, "ಸರೀರಿ, ಸ್ವಲ್ಪ ಸರೀರಿ," ಎನ್ನುತ್ತ ಕುರ್ಚಿಗಳ ಸಾಲಿನ ಮುಂದೆ ನಡೆದಳು. ನಿರ್ಮಾಪಕ ತನಗರಿವಿಲ್ಲದೆ ಸರಿದ. ದಿಲೀಪನ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರ, ಕುರ್ಚಿ ಹಾಕಿ ಕೂತಳು.

"ಕಥಿ ಕೇಳ್ಲಿಲ್ಲಂತ. ಈಗ ನಾ ಕೇಳ್ತೀನಿ. ತಗೀರಿ ಫೋಟೋ," ಎಂದಳು ಪತ್ರಕರ್ತರಿಗೆ. "ಇಬ್ಬರದೂ ಕೂಡೇ ತಗೀರಿ."

ದೀಪಗಳು ಫಳ್ ಫಳ್ ಹೊಳೆದವು. ದಿಲೀಪ ಎದ್ದು ಹೋಗುವ ಹಾಗಿರಲಿಲ್ಲ. ನಗಲೇಬೇಕಾಯಿತು. ಅವನು ಹೊಟ್ಟೆ ಒಳಗೆಳೆದುಕೊಂಡು ನಕ್ಕ. ಮರುದಿನದ ಪೇಪರುಗಳಲ್ಲೆಲ್ಲ ಅದೇ ಫೋಟೋ ಬಂತು. ಇಬ್ಬರಿಗೂ ವಯಸ್ಸಾಗಿತ್ತು. ಅವನಿಗೆ ಒಂಬತ್ತು ವರ್ಷ ಹೆಚ್ಚಾಗಿತ್ತು.

ಸಿನಿಮಾ ಬೇರೆ ಊರುಗಳಲ್ಲಿ ಸಾಧಾರಣ, ಕಲಬುರಗಿಯಲ್ಲಿ ಚೆನ್ನಾಗಿ ಓಡಿತು. ಕೋಟೆಯ ಕಾಳಗಕ್ಕೆ ಜನ ಎದ್ದು ನಿಂತು ಸಿಳ್ಳೆ ಹಾಕಿದರು ಎಂದು ನಜ್ಮಾ ಬಸ್ಸಿನ ತುಂಬ ಹೇಳಿಕೊಂಡು ಬಂದಳು. ಇಮಾಮುದ್ದೀನ್ ಮತ್ತೆ ಗಡ್ಡವನ್ನು ಬೆಳ್ಳಗೆ ಬಿಟ್ಟ. ದಿಲೀಪ ಆಮೇಲೆ ಸಕ್ಕೂಬಾಯಿಯೊಂದಿಗೆ ಮಾತಾಡಲಿಲ್ಲ.

ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಸುಮಧ್ವ ಅವಳ ಮುಂದೆ ಉಪ್ಪಿಟ್ಟಿನ ತಾಟು ಇಡುತ್ತ ಮೆಲ್ಲಗೆ ಕೇಳಿದ: "ಈಗಾದ್ರೂ ಸಿಟ್ಟು ಇಳೀತೇನು?"

"ಎಲ್ಲಿ ಇಳೀತದ?" ಎಂದಳು ಸಕ್ಕೂಬಾಯಿ, ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡೇ. "ಎರಡೂವರಿ ತಾಸಿನ ಸಿನಿಮಾದಾಗ ನಂದು ಒಂದು ಲಡಾಯಿ, ಅಂವಂದು ಏಳು. ಅದ್ರಾಗ ಅಂವ ಖರೇ ಮಾಡಿದ್ದು ಎಷ್ಟು ಅಂತ ಕೇಳ್ರಿ ಯಾರನ್ನರೆ."

ಸುಮಧ್ವ ಈ ಸಲ ಹೋಗ್ಲಿ ಬಿಡು ಅನ್ನಲಿಲ್ಲ. "ಕೇಳಬೇಕು, ಖರೇ," ಎಂದು ಇನ್ನೊಂದು ಚಮಚ ಉಪ್ಪಿಟ್ಟು ಬಡಿಸಿದ.